ಅಕ್ಕಲಕೋಟೆ ಜಗಳ, ನಕಲಿ ಟ್ವೀಟ್: ಫಾರ್ವರ್ಡ್ ಮಾಡೋ ಮೊದಲು ನೋಡಿ

ಮಹಾರಾಷ್ಟ್ರದ ಅಕ್ಕಲಕೋಟೆಯಲ್ಲಿ ಕನ್ನಡ ಮನೆಮಾತಾಗಿರುವವರು ಬಹಳ ಮಂದಿ. ಆ ತಾಲೂಕು ಮತ್ತು ದಕ್ಷಿಣ ಸೊಲ್ಲಾಪುರ ನಮ್ಮ ರಾಜ್ಯಕ್ಕೆ ಸೇರಬೇಕೆಂದು 1967ರಲ್ಲೇ ಮಹಾಜನ ಆಯೋಗ ಹೇಳಿತ್ತು. ಮಹಾರಾಷ್ಟ್ರ ಒಪ್ಪಲಿಲ್ಲ. 2022ರ ನವೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆ ಬೇಡಿಕೆ ಮತ್ತೆ ಎತ್ತಿದರು. ಮೊಬೈಲಲ್ಲಿ ಏರಿದ ಜಗಳ ರಸ್ತೆಗೂ ಬಂತು. ಡಿಸೆಂಬರ್ 6ರಂದು ಬೆಳಗಾವಿ ಹತ್ತಿರ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರ ನಂಬರಿನ ಲಾರಿಗಳಿಗೆ ಕಲ್ಲು ಬಿತ್ತು. ಗಡಿ ದಾಟುವ ಬಸ್‌ಗಳೂ ನಿಂತವು.

ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಎರಡೂ ರಾಜ್ಯಗಳ ಮುಖ್ಯಮಂತ್ರಿಗಳ ಜೊತೆ ಮಾತಾಡಿದ ಗೃಹ ಸಚಿವ ಅಮಿತ್ ಶಾ, ದೊಡ್ಡ ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳೂ ವಿವಾದ ಹೆಚ್ಚಿಸಿವೆ ಎಂದರು.

ನಕಲಿ ಹೇಗೆ ನಡೆಯುತ್ತೆ? ಹೆಸರು, ಫೋಟೋ ಯಾರದ್ದು ಬೇಕಾದರೂ ಹಾಕಬಹುದು. ಇಬ್ಬರಿಗೆ ಸಿಗದಿರುವುದು @ ಚಿಹ್ನೆಯ ಮುಂದಿನ ಹೆಸರು ಮಾತ್ರ. ಅದರಲ್ಲೂ ಒಂದಕ್ಷರ ಬದಲಿಸಿದರೆ ಕಣ್ಣಿಗೆ ಗೊತ್ತಾಗಲ್ಲ. ನೀಲಿ ಟಿಕ್ ಈಗ ದುಡ್ಡು ಕೊಟ್ಟರೂ ಸಿಗುತ್ತೆ. ಸ್ಕ್ರೀನ್‌ಶಾಟ್ ಅಂತೂ ಬರೀ ಚಿತ್ರ, ಅದನ್ನು ತಿದ್ದಲು ಎರಡು ನಿಮಿಷ ಸಾಕು.

ಗಡಿಯ ಕೇಸು ಸುಪ್ರೀಂ ಕೋರ್ಟಿನಲ್ಲಿದೆ. ಕಲ್ಲು ಬಿದ್ದರೆ ನಷ್ಟ ಮಾತ್ರ ಲಾರಿ ಡ್ರೈವರಿಗೆ, ಸೊಲ್ಲಾಪುರದ ಚಾದರ ತರಿಸುವ ಅಂಗಡಿಯವರಿಗೆ. ಯುವಕರೇ, ಚರ್ಚೆ ಧಾರಾಳ ಮಾಡಿ. ಆದರೆ ಮೂಲ ಖಾತೆ ತೆರೆದು ನೋಡದೆ ಏನನ್ನೂ ಮುಂದೆ ಕಳಿಸಬೇಡಿ. ಸುದ್ದಿ ಬಂದರೆ ಮೊದಲು ಪರಿಶೀಲಿಸಿ ಅಂತ ಸೂರಃ ಹುಜುರಾತ್‌ನ 6ನೇ ಆಯತ್ ನಮಗೆ ಕಲಿಸಿದ್ದೂ ಇದನ್ನೇ.