ನಾಯಿಮರಿಯ ವಿದ್ಯಾಭ್ಯಾಸ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವೊಂದನ್ನು ಶ್ರೋತೃಗಳಲ್ಲಿ ಹಲವರು ಬಲ್ಲರು. ಹತ್ತನೆಯ ಶತಮಾನದ ನಡುಗಾಲದ್ದು ಅದು. ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಮೆಚ್ಚಿ ಒಡೆಯನು ವರ ಬೇಡೆಂದಾಗ, ಮಣಲೆರನೆಂಬ ವೀರನು ಹೊನ್ನನ್ನು ಬೇಡಲಿಲ್ಲ, ಕಾಳಿ ಎಂಬ ನಾಯಿಯನ್ನು ಬೇಡಿದನು. ಆ ಕಾಳಿ ಮುಂದೆ ಕಾಡುಹಂದಿಯೊಂದರ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನಿಂತಿತು. ಶಾಸನವು ಕಾಳಿಯ ಮರಣವನ್ನು ಹೇಳುತ್ತದೆಯೇ ಹೊರತು ಅದರ ಬಾಲ್ಯವನ್ನು ಹೇಳುವುದಿಲ್ಲ. ಅದೂ ಒಂದು ಕಾಲಕ್ಕೆ ಮರಿಯಾಗಿದ್ದಿರಬೇಕು, ಯಾರದೋ ಕೆರವನ್ನು ಕಡಿದಿರಬೇಕು, ಯಾರದೋ ಹಾಸಿಗೆಯನ್ನು ನೆನೆಸಿರಬೇಕು. ಕರೆದಾಗ ಬರುವುದನ್ನು ಅದಕ್ಕೆ ಕಲಿಸಿದವರು ಯಾರು? ಈ ಪ್ರಶ್ನೆ ನನಗೆ ಶಾಸನವನ್ನು ಓದಿದಾಗ ಹೊಳೆದದ್ದಲ್ಲ. 2021ರ ಧನುರ್ಮಾಸದಲ್ಲಿ ನಮ್ಮ ಮನೆಗೆ ನಾಯಿಮರಿಯೊಂದು ಬಂದ ಮೇಲೆ ಹೊಳೆದದ್ದು.

ಮೈಸೂರಿನ ನಮ್ಮ ಬೀದಿಯ ಚರಂಡಿಯಲ್ಲಿ ನಡುಗುತ್ತಿದ್ದ ಮರಿಯನ್ನು ನನ್ನ ಮಗಳು ಶಾಲೆಯ ಸ್ವೆಟರಿನಲ್ಲಿ ಸುತ್ತಿ ತಂದಳು. ಬಿಳಿಯ ಮೈ, ಒಂದು ಕಿವಿ ಮಾತ್ರ ಕಂದು. ಹೊಟ್ಟೆ ಗುಂಡಗಿದ್ದುದರಿಂದ ಗುಂಡ ಎಂದು ಹೆಸರಾಯಿತು. ಆ ಗುಂಡುತನ ಪುಷ್ಟಿಯದಲ್ಲ, ಜಂತುಹುಳುವಿನದು ಎಂದು ಮರುದಿನ ಪಶುವೈದ್ಯರು ತಿಳಿಸಿದರು. ಹಲ್ಲು ನೋಡಿ, ಸುಮಾರು ಏಳು ವಾರದ್ದಿರಬೇಕು ಎಂದರು. ‘ಒಳ್ಳೆಯ ವಯಸ್ಸಿನಲ್ಲಿ ಸಿಕ್ಕಿದೆ, ಕಾಲ ಕಳೆಯಬೇಡಿ’ ಎಂದೂ ಸೇರಿಸಿದರು. ಅಂಗೈಯಗಲದ ಪ್ರಾಣಿಗೆ ಕಾಲ ಕಳೆಯಬಾರದೆಂಬ ಆತುರವೇಕೆ ಎಂದು ಆಗ ನನಗೆ ಅರ್ಥವಾಗಲಿಲ್ಲ.

ಅರ್ಥವಾದದ್ದು ಓದಿದ ಮೇಲೆ. ನಾಯಿಮರಿಯು ಹುಟ್ಟಿದಾಗ ಕುರುಡು, ಕಿವುಡು. ಸುಮಾರು ಎರಡು ವಾರಕ್ಕೆ ಕಣ್ಣು ತೆರೆಯುತ್ತದೆ, ಅದರ ಹಿಂದೆಯೇ ಕಿವಿ. ಮೂರನೆಯ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೆಯ ವಾರದವರೆಗೆ ಅದರ ಮನಸ್ಸಿನ ಬಾಗಿಲು ತೆರೆದಿರುತ್ತದೆ. ಆ ಅವಧಿಯಲ್ಲಿ ಕಂಡ ಮನುಷ್ಯರು, ಕೇಳಿದ ಸದ್ದುಗಳು, ತುಳಿದ ನೆಲ, ಇವೆಲ್ಲ ಅದಕ್ಕೆ ‘ನಮ್ಮವು’ ಆಗುತ್ತವೆ. ಅನಂತರ ಬಂದದ್ದು ಅಪರಿಚಿತ, ಆದುದರಿಂದ ಭಯಕಾರಕ. ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಸ್ಕಾಟ್ ಮತ್ತು ಫುಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ನಾಯಿಮರಿಗಳ ನಡುವೆಯೇ ಇದ್ದು ಇದನ್ನು ಅಭ್ಯಾಸ ಮಾಡಿ 1965ರಲ್ಲಿ ದೊಡ್ಡ ಗ್ರಂಥವೊಂದನ್ನು ಹೊರತಂದರು. ಅದಕ್ಕೂ ಮೊದಲು, 1961ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮರಿಗಳನ್ನು ತಾಯಿಯೊಡನೆ ಬೇಲಿ ಹಾಕಿದ ಬಯಲಿನಲ್ಲಿ, ಮನುಷ್ಯರ ಒಡನಾಟವಿಲ್ಲದೆ ಬೆಳೆಸಿದ್ದರು. ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಮನುಷ್ಯರ ಸಂಗಕ್ಕೆ ಬಂದ ಮರಿಗಳು ಒಲಿದುವು. ಹದಿನಾಲ್ಕು ವಾರಗಳವರೆಗೂ ಆ ಸಂಗವೇ ದೊರೆಯದ ಮರಿಗಳು ಕಾಡುಮೃಗಗಳಂತೆ ದೂರ ಸರಿದುವು.

ಇಲ್ಲಿಯೇ ಒಂದು ತೊಡಕು. ಮರಿಗೆ ಲೋಕವನ್ನು ತೋರಿಸಬೇಕಾದ ಕಾಲವೂ, ಲೋಕದ ರೋಗಗಳಿಂದ ಅದನ್ನು ಕಾಪಾಡಬೇಕಾದ ಕಾಲವೂ ಒಂದೇ. ತಾಯಿಯ ಹಾಲಿನಿಂದ ಬಂದ ರಕ್ಷಣೆ ದಿನದಿನಕ್ಕೆ ಕುಂದುತ್ತಿರುತ್ತದೆ; ಆದರೆ ಅದು ಉಳಿದಿರುವಷ್ಟು ದಿನ ಲಸಿಕೆಯನ್ನು ನಾಟಗೊಡುವುದಿಲ್ಲ. ಆದುದರಿಂದಲೇ ಪಾರ್ವೊ, ಡಿಸ್ಟೆಂಪರ್ ಮೊದಲಾದ ರೋಗಗಳ ಲಸಿಕೆಯನ್ನು ಆರೆಂಟು ವಾರಕ್ಕೆ ಮೊದಲುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೂ ಹಾಕಿಸುತ್ತಾರೆ. ಅಲ್ಲಿಯವರೆಗೆ ಬೀದಿಯ ನೆಲದ ಮೇಲೆ ಬಿಡುವಂತಿಲ್ಲ. ನಾವು ಕಂಡುಕೊಂಡ ಉಪಾಯವೆಂದರೆ ಮರಿಯನ್ನು ಎತ್ತಿಕೊಂಡೇ ತಿರುಗುವುದು. ತರಕಾರಿಯ ಗಾಡಿ, ಬಸ್ಸಿನ ಹಾರನ್, ಹೆಲ್ಮೆಟ್ ಧರಿಸಿದವರು, ಊರುಗೋಲು ಹಿಡಿದ ವೃದ್ಧರು, ಎಲ್ಲವನ್ನೂ ಗುಂಡ ನನ್ನ ತೋಳಿನ ಮೇಲಿನಿಂದಲೇ ನೋಡಿತು. ಬೀದಿಯವರು ನಕ್ಕರು. ನಗಲಿ.

ಇನ್ನು ಶೌಚದ ವಿಷಯ. ಸಭ್ಯರ ಸಭೆಯಲ್ಲಿ ಆಡುವ ಮಾತಲ್ಲವಾದರೂ ನಾಯಿಮರಿಯನ್ನು ತಂದ ಮನೆಯಲ್ಲಿ ಮೊದಲ ಎರಡು ತಿಂಗಳು ಬೇರೆ ಮಾತೇ ಇರುವುದಿಲ್ಲ. ಮರಿಯ ಮೂತ್ರಕೋಶ ಪುಟ್ಟದು, ಹಿಡಿತ ಇನ್ನೂ ಬಂದಿರುವುದಿಲ್ಲ. ನಿದ್ದೆಯಿಂದೆದ್ದ ಕೂಡಲೆ, ಉಂಡ ಸ್ವಲ್ಪ ಹೊತ್ತಿಗೆ, ಆಟವಾಡಿ ದಣಿದ ಮೇಲೆ, ಈ ಮೂರು ವೇಳೆಗಳಲ್ಲಿ ತಪ್ಪದೆ ಹಿತ್ತಿಲಿಗೆ ಒಯ್ಯಬೇಕು; ಕೆಲಸ ಮುಗಿಯುವವರೆಗೆ ನಾವೂ ನಿಲ್ಲಬೇಕು; ಮುಗಿದ ಕ್ಷಣವೇ ಮೆಚ್ಚಬೇಕು. ರಾತ್ರಿಯೂ ಒಮ್ಮೆ ಏಳಬೇಕು. ಧನುರ್ಮಾಸದ ಚಳಿಯಲ್ಲಿ ನಾಲ್ಕು ಗಂಟೆಗೆ ಶಾಲು ಹೊದ್ದು ಬಾಳೆಯ ಗಿಡದ ಬಳಿ ನಿಂತಿರುತ್ತಿದ್ದೆ. ದೇವಸ್ಥಾನದ ಗಂಟೆ ಕೇಳುತ್ತಿತ್ತು. ಗುಂಡ ಇಬ್ಬನಿಯನ್ನು ಮೂಸುತ್ತ, ಬಂದ ಕಾರ್ಯವನ್ನೊಂದು ಬಿಟ್ಟು ಉಳಿದುದೆಲ್ಲವನ್ನೂ ಮಾಡಿ, ಒಳಕ್ಕೆ ಬಂದು ಚಾಪೆಯ ಮೇಲೆ ಕುಳಿತು ಆ ಕಾರ್ಯವನ್ನು ಪೂರೈಸುತ್ತಿತ್ತು.

ನಾನು ತಪ್ಪಿದ್ದು ಇಲ್ಲಿ. ಪತ್ರಿಕೆಯನ್ನು ಸುರುಳಿ ಸುತ್ತಿ ಹೊಡೆದರೆ ನಾಯಿ ಕಲಿಯುತ್ತದೆ ಎಂದು ಯಾರೋ ಹೇಳಿದ್ದುದು ತಲೆಯಲ್ಲಿತ್ತು. ಸಂಜೆ ಕೆಲಸದಿಂದ ಬಂದಾಗ ಚಾಪೆ ಒದ್ದೆಯಾಗಿದ್ದರೆ, ‘ಗುಂಡಾ, ಇಲ್ಲಿ ಬಾ’ ಎಂದು ಕರೆಯುತ್ತಿದ್ದೆ. ಬಾಲವಾಡಿಸುತ್ತ ಓಡಿ ಬಂದ ಮರಿಯ ಮೂತಿಯನ್ನು ಚಾಪೆಯ ಬಳಿಗೆ ಹಿಡಿದು ಎರಡು ಏಟು ಕೊಡುತ್ತಿದ್ದೆ. ನೋವಾಗುವಂತಹ ಏಟಲ್ಲ, ಸದ್ದಾಗುವಂತಹುದು. ಕೆಲವು ದಿನಗಳಲ್ಲಿಯೇ ನಾನು ಬಾಗಿಲು ತೆರೆದೊಡನೆ ಗುಂಡ ಕಿವಿಯನ್ನು ಹಿಂದಕ್ಕೆ ಮಡಿಸಿ, ಬಾಲವನ್ನು ಕಾಲಸಂದಿಗೆ ಸೇರಿಸಿ, ಮುಖ ತಪ್ಪಿಸುತ್ತಿತ್ತು. ‘ನೋಡಿ, ಮಾಡಿದ ತಪ್ಪು ಅದಕ್ಕೇ ಗೊತ್ತು’ ಎಂದು ನಾನು ಮನೆಯವರಿಗೆ ಹೆಮ್ಮೆಯಿಂದ ತೋರಿಸಿದೆ.

ಗೊತ್ತಿರಲಿಲ್ಲ. ನ್ಯೂಯಾರ್ಕಿನ ಅಲೆಗ್ಸಾಂಡ್ರ ಹೊರೊವಿಟ್ಸ್ ಎಂಬ ವಿದುಷಿ 2009ರಲ್ಲಿ ಈ ‘ತಪ್ಪಿತಸ್ಥನ ಮುಖ’ವನ್ನೇ ಪರೀಕ್ಷೆಗೆ ಒಡ್ಡಿದ ಪ್ರಬಂಧವನ್ನು ಪ್ರಕಟಿಸಿದರು. ತಿನ್ನಬಾರದೆಂದು ಹೇಳಿ ತಿಂಡಿಯ ಮುಂದೆ ನಾಯಿಯನ್ನು ಬಿಟ್ಟು ಯಜಮಾನ ಹೊರಗೆ ಹೋಗುತ್ತಾನೆ. ಅವನು ಮರಳಿದಾಗ, ನಾಯಿ ತಿಂದಿತೆಂದೋ ತಿನ್ನಲಿಲ್ಲವೆಂದೋ ಅವನಿಗೆ ತಿಳಿಸುತ್ತಾರೆ. ಹೇಳಿದ್ದು ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು. ಫಲಿತಾಂಶ ಕುತೂಹಲಕರವಾದುದು. ಆ ಮುಖಭಾವಕ್ಕೂ ನಾಯಿ ತಪ್ಪು ಮಾಡಿತ್ತೇ ಇಲ್ಲವೇ ಎಂಬುದಕ್ಕೂ ಸಂಬಂಧವೇ ಕಾಣಲಿಲ್ಲ. ಯಜಮಾನ ಗದರಿದನೇ ಎಂಬುದರೊಡನೆ ಮಾತ್ರ ಸಂಬಂಧವಿತ್ತು. ಏನನ್ನೂ ತಿನ್ನದೆ ಗದರಿಸಿಕೊಂಡ ನಾಯಿಯೇ ಹೆಚ್ಚು ತಪ್ಪಿತಸ್ಥನಂತೆ ಕಂಡಿತು. ಪಾಪಪ್ರಜ್ಞೆ ಎಂದು ನಾವು ಓದುವ ಅಕ್ಷರ ನಾಯಿಯ ಲಿಪಿಯಲ್ಲಿ ‘ದಯವಿಟ್ಟು ಕೋಪ ಬೇಡ’ ಎಂದಷ್ಟೇ. ಮಧ್ಯಾಹ್ನ ಮಾಡಿದ್ದಕ್ಕೂ ಸಂಜೆ ಬಿದ್ದ ಏಟಿಗೂ ನಂಟು ಕಟ್ಟುವುದು ಅದರ ಬುದ್ಧಿಗೆ ಮೀರಿದ ಮಾತು. ಏಟಿಗೆ ನಿಕಟವಾಗಿದ್ದುದು ಬೇರೆಯೇ ಆಗಿತ್ತು. ಅದೇನೆಂದು ತಿಳಿಯುವುದಕ್ಕೆ ನನಗೆ ಇನ್ನೂ ಒಂದು ತಿಂಗಳು ಬೇಕಾಯಿತು.

ಈ ನಡುವೆ ಹಲ್ಲಿನ ಕಾಲ ಬಂದಿತು. ನಾಯಿಮರಿಗೆ ಹಾಲುಹಲ್ಲು 28. ನಾಲ್ಕನೆಯ ತಿಂಗಳಿನಿಂದ ಅವು ಉದುರತೊಡಗಿ, ಏಳನೆಯ ತಿಂಗಳಿನ ವೇಳೆಗೆ 42 ಶಾಶ್ವತ ಹಲ್ಲುಗಳು ಬರುತ್ತವೆ. ವಸಡು ನವೆಯುವ ಆ ದಿನಗಳಲ್ಲಿ ಕಡಿಯುವುದು ಅದಕ್ಕೆ ಚೇಷ್ಟೆಯಲ್ಲ, ಔಷಧ. ನನ್ನ ಹೆಂಡತಿ ಕರುಣೆಯಿಂದ ಒಂದು ಹಳೆಯ ಚಪ್ಪಲಿಯನ್ನು ಕೊಟ್ಟಳು. ಹಳೆಯದಕ್ಕೂ ಹೊಸದಕ್ಕೂ ಇರುವ ಭೇದ ಗುಂಡನಿಗೆ ತಿಳಿಯಲಿಲ್ಲ. ವಾರದೊಳಗೆ ಮನೆಯ ನಾಲ್ಕು ಜೊತೆ ಚಪ್ಪಲಿಗಳಲ್ಲಿಯೂ ಅದು ಸಮದೃಷ್ಟಿಯನ್ನು ತೋರಿತು. ಒದ್ದೆ ಬಟ್ಟೆಯನ್ನು ಹೆಣೆದು ತಣ್ಣಗೆ ಮಾಡಿ ಕೊಟ್ಟದ್ದು ಕೆಲಸಕ್ಕೆ ಬಂದಿತು. ನೆಲದ ಮೇಲೆ ಸಿಕ್ಕ ಒಂದು ಪುಟ್ಟ ಹಲ್ಲನ್ನು ಮಗಳು, ತನ್ನ ಹಲ್ಲುಗಳನ್ನು ಎಸೆದಂತೆಯೇ, ಮಾಡಿನ ಮೇಲಕ್ಕೆ ಎಸೆದು ಬಂದಳು.

ಹಲ್ಲು ಮನುಷ್ಯರ ಮೈಗೆ ತಾಗಿದಾಗ ಮಾತ್ರ ತಮಾಷೆಯಿಲ್ಲ. ಆಟದಲ್ಲಿ ಒಡಹುಟ್ಟಿದ ಮರಿಯನ್ನು ಜೋರಾಗಿ ಕಡಿದರೆ ಅದು ಕೀರಲಿ ಆಟ ನಿಲ್ಲಿಸುತ್ತದೆ. ಎಷ್ಟು ಬಿಗಿ ಸಲ್ಲುತ್ತದೆ ಎಂಬುದನ್ನು ಮರಿಗಳು ಹೀಗೆ ಕಲಿಯುತ್ತವೆ. ಬೇಗನೆ ಅಗಲಿದ ಮರಿಗೆ ಆ ಪಾಠವನ್ನು ನಾವು ಹೇಳಬೇಕು: ಹಲ್ಲು ತಾಗಿದೊಡನೆ ಕೈ ಹಿಂತೆಗೆದು, ಎದ್ದು ನಿಂತು, ಆಟವನ್ನು ಅಲ್ಲಿಗೇ ಮುಗಿಸುವುದು. ನಾವು ಹೇಳುತ್ತಿದ್ದಾಗಲೇ ಪಕ್ಕದ ಮನೆಯ ಹುಡುಗನ ಮುಂಗೈಗೆ ಗುಂಡನ ಹಲ್ಲು ಗೀರಿತು. ರಕ್ತ ಒಂದೇ ಹನಿ. ಮರಿಗೆ ಇನ್ನೂ ಮೂರು ತಿಂಗಳು ತುಂಬದ ಕಾರಣ ರೇಬೀಸ್ ಲಸಿಕೆಯಾಗಿರಲಿಲ್ಲ. ‘ಮರಿಯಲ್ಲವೇ, ಬಿಡಿ’ ಎಂದರು ಹುಡುಗನ ತಾಯಿ. ಬಿಡುವ ಮಾತಲ್ಲ ಅದು. ಮರಿಗೂ ರೇಬೀಸ್ ಬರಬಹುದು, ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದಿಲ್ಲವೆಂದೇ ಹೇಳಬೇಕು. ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ಗಾಯವನ್ನು ತೊಳೆದು, ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ದೆವು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಗಳೆಂಬ ಹಳೆಯ ಭೀತಿ ಆ ತಾಯಿಯಲ್ಲಿ ಇನ್ನೂ ಉಳಿದಿತ್ತು. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ. ಈಗ ಕೆಲವೇ ಚುಚ್ಚುಮದ್ದುಗಳು, ಅದೂ ತೋಳಿಗೆ. ಹುಡುಗನಿಗೆ ಏನೂ ಆಗಲಿಲ್ಲ. ನಾನು ಆ ಹಲವು ರಾತ್ರಿ ಸರಿಯಾಗಿ ನಿದ್ರಿಸಲಿಲ್ಲ.

ಫೆಬ್ರವರಿಯ ಒಂದು ಬೆಳಗು, ಹಾಲಿನವನು ಗೇಟನ್ನು ಸರಿಯಾಗಿ ಹಾಕದೆ ಹೋದನು. ಗುಂಡ ಬೀದಿಗೆ ನುಸುಳಿ, ಅಲ್ಲಿಂದ ಮುಖ್ಯರಸ್ತೆಯ ತಿರುವಿಗೆ ಹೋಯಿತು. ನಾನು ಓಡಿ ಹೋಗಿ ‘ಗುಂಡಾ, ಇಲ್ಲಿ ಬಾ’ ಎಂದು ಕೂಗಿದೆ. ಅದು ನಿಂತಿತು, ನನ್ನ ಕಡೆ ತಿರುಗಿತು, ಕಿವಿ ಮಡಿಸಿತು, ಮೈ ಕುಗ್ಗಿಸಿ ಹಿಂದಕ್ಕೆ ಸರಿಯಿತು. ಇನ್ನೂ ಜೋರಾಗಿ ಕೂಗಿದೆ. ಇನ್ನಷ್ಟು ಹಿಂದಕ್ಕೆ, ರಸ್ತೆಯ ನಡುವಿಗೇ ಸರಿಯಿತು. ಆಟೋ ಒಂದು ಕಿರುಗುಟ್ಟಿ ಓರೆಯಾಗಿ ನಿಂತಿತು. ಚಾಲಕ ನನ್ನನ್ನು ಬೈದ ಮಾತುಗಳು ಈ ಭಾಷಣದಲ್ಲಿ ಬರತಕ್ಕವಲ್ಲ. ಕೊನೆಗೆ ಮಗಳು ಬಂದು ನೆಲದ ಮೇಲೆ ಕುಳಿತುಬಿಟ್ಟಳು, ಕರೆಯಲೂ ಇಲ್ಲ. ಮರಿ ಅವಳ ಮಡಿಲನ್ನು ಸೇರಿತು.

ಜಗಲಿಯಿಂದ ನೋಡುತ್ತಿದ್ದ ನನ್ನ ತಾಯಿ ಅಂದರು: ‘ನೀನು ಕರೆಯೋದೇ ಹೊಡೆಯೋದಕ್ಕೆ ಅಂತ ಅದಕ್ಕೆ ಗೊತ್ತು ಕಣೋ. ಹೇಗೆ ಬರುತ್ತೆ?’

ನಾನು ಕಲಿಸಿದ್ದುದು ಅದನ್ನೇ. ಚಾಪೆಯನ್ನು ಒದ್ದೆ ಮಾಡಬಾರದೆಂಬ ಪಾಠವನ್ನು ಹೇಳುತ್ತಿದ್ದೇನೆಂದು ನಾನು ತಿಳಿದಿದ್ದೆ. ನನ್ನ ಕರೆಗೆ ಓಗೊಟ್ಟರೆ ಏಟು ಬೀಳುತ್ತದೆಂಬ ಪಾಠವನ್ನು ಅದು ಕಲಿಯುತ್ತಿತ್ತು. ಪ್ರಾಣಿಯು ಮಾಡಿದ ಕ್ರಿಯೆಯ ಬೆನ್ನಿಗೇ ಸುಖ ಬಂದರೆ ಆ ಕ್ರಿಯೆ ಬೇರೂರುತ್ತದೆ ಎಂಬುದನ್ನು ಥಾರ್ನ್‌ಡೈಕ್ ಎಂಬಾತ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು 1898ರಷ್ಟು ಹಿಂದೆಯೇ ತೋರಿಸಿದ್ದನು. ಬೆನ್ನಿಗೇ ಎಂಬುದು ಮುಖ್ಯ. ಕೆಲವು ಕ್ಷಣ ತಡವಾದರೂ ಪಾಠ ಬೇರೆ ಯಾವುದಕ್ಕೋ ಅಂಟಿಕೊಳ್ಳುತ್ತದೆ. 1951ರಲ್ಲಿ ಸ್ಕಿನ್ನರ್ ಬರೆದ ಲೇಖನವೊಂದರಲ್ಲಿ, ಟಿಕ್ಕೆಂದು ಸದ್ದು ಮಾಡುವ ಮಕ್ಕಳ ಆಟಿಕೆಯಿಂದ ನಾಯಿಗೆ ಕಲಿಸುವ ಬಗೆಯನ್ನು ವಿವರಿಸಿದ್ದಾನೆ. ತಿಂಡಿ ಬಾಯಿಗೆ ತಲಪುವಷ್ಟರಲ್ಲಿ ಹೊತ್ತಾಗುತ್ತದೆ. ಸದ್ದಾದರೆ ಆ ಕ್ಷಣಕ್ಕೇ ‘ಸರಿ’ ಎಂದು ಹೇಳಿಬಿಡುತ್ತದೆ.

ಪಶುವೈದ್ಯರು ಕೊಟ್ಟ ಸಲಹೆ ಸರಳವಾಗಿತ್ತು. ‘ಇಲ್ಲಿ ಬಾ’ ಎಂಬ ಮಾತು ಕೆಟ್ಟುಹೋಗಿದೆ, ಅದನ್ನು ಬಿಟ್ಟುಬಿಡಿ, ಹೊಸದೊಂದನ್ನು ಆರಿಸಿಕೊಳ್ಳಿ, ಮನೆಯವರೆಲ್ಲ ಅದೊಂದನ್ನೇ ಬಳಸಿ. ಅದುವರೆಗೆ ನಮ್ಮ ಮನೆಯಲ್ಲಿ ಒಬ್ಬರ ‘ಬೇಡ’, ಒಬ್ಬರ ‘ಛೀ’, ಒಬ್ಬರ ‘ಇಳಿ’ ಎಲ್ಲಕ್ಕೂ ಅರ್ಥ ಒಂದೇ ಎಂದು ಗುಂಡ ಊಹಿಸಿಕೊಳ್ಳಬೇಕಾಗಿತ್ತು. ಕುರ್ಚಿ ಹತ್ತಬಾರದೆಂದು ನಾನು. ನಾನಿಲ್ಲದಾಗ ಹತ್ತಿಸಿಕೊಳ್ಳುವವಳು ಮಗಳು. ಮಡಿಯೆಂದು ಅಡಿಗೆಮನೆಯ ಹೊಸ್ತಿಲಿನಿಂದ ಅಟ್ಟುವವರು ನನ್ನ ತಾಯಿ. ಅದೇ ಹೊಸ್ತಿಲಿಗೆ ದೋಸೆಯ ಚೂರನ್ನು ಎಸೆಯುವವರೂ ಅವರೇ. ಕೂಡಿ ಕುಳಿತು ‘ಬಾರಯ್ಯ’ ಎಂಬ ಮಾತನ್ನು ಗೊತ್ತುಮಾಡಿದೆವು. ‘ಹೆತ್ತ ಮಗಳನ್ನೂ ನೀನು ಇಷ್ಟು ಮರ್ಯಾದೆಯಿಂದ ಕರೆದದ್ದು ಕಾಣೆ’ ಎಂದರು ತಾಯಿ.

ಮೊದಲ ವಾರ ಎರಡು ಮಾರು ದೂರದಿಂದ ಮಾತ್ರ ಕರೆದೆ. ಬಂದೊಡನೆ ಚಪಾತಿಯ ಚೂರು. ಈರುಳ್ಳಿ, ದ್ರಾಕ್ಷಿ, ಚಾಕಲೇಟು ನಾಯಿಗೆ ವಿಷವಾದುದರಿಂದ ಸಾಂಬಾರಿನಲ್ಲಿ ಅದ್ದಿದ್ದು ಬೇಡ. ಬಳಿಕ ಕೋಣೆಯಿಂದ ಕೋಣೆಗೆ, ಬಳಿಕ ಉದ್ದನೆಯ ಹಗ್ಗ ಕಟ್ಟಿ ಹಿತ್ತಿಲಿನಲ್ಲಿ, ಕಟ್ಟಕಡೆಗೆ ಬೀದಿಯಲ್ಲಿ. ಸ್ನಾನಕ್ಕಾಗಲಿ ಉಣ್ಣಿ ಕೀಳುವುದಕ್ಕಾಗಲಿ ಔಷಧಕ್ಕಾಗಲಿ ಎಂದೂ ಕರೆಯಲಿಲ್ಲ. ಅಂತಹ ಅಪ್ರಿಯ ಕಾರ್ಯಗಳಿಗೆ ನಾನೇ ಎದ್ದು ಅದಿರುವಲ್ಲಿಗೆ ಹೋದೆ. ಎಷ್ಟು ತಡವಾಗಿ ಬಂದರೂ ಗದರಲಿಲ್ಲ. ಇದು ಕಷ್ಟದ್ದು. ಕಚೇರಿಗೆ ಹೊತ್ತಾಗಿರುವಾಗ, ಗಿಡದ ಬುಡವನ್ನು ಐದು ನಿಮಿಷ ಮೂಸಿ ನಿಧಾನವಾಗಿ ಬಂದ ಪ್ರಾಣಿಯನ್ನು ‘ಭೇಷ್’ ಎಂದು ಮೆಚ್ಚುವುದಕ್ಕೆ ಇರುವ ಸಹನೆಯೆಲ್ಲ ಬೇಕು. ಚಾಪೆಯ ವಿಷಯದಲ್ಲಿ ಪತ್ರಿಕೆಯ ಸುರುಳಿಯನ್ನು ಬಿಟ್ಟು ಗಡಿಯಾರವನ್ನು ನೋಡತೊಡಗಿದ ಮೇಲೆ ಅದೂ ತಾನಾಗಿ ಸರಿಹೋಯಿತು. ಯುಗಾದಿ ಕಳೆದು ಕೆಲವು ವಾರಗಳ ನಂತರ ಒಮ್ಮೆ ಗುಂಡ ಬೆಕ್ಕನ್ನು ಅಟ್ಟಿಕೊಂಡು ಅದೇ ತಿರುವಿನವರೆಗೆ ಓಡಿತು. ‘ಬಾರಯ್ಯ’ ಎಂದೆ. ಒಂದು ಕ್ಷಣ ಬೆಕ್ಕನ್ನೂ ನನ್ನನ್ನೂ ತೂಗಿ ನೋಡಿ, ಹಿಂದಿರುಗಿ ಬಂದಿತು.

ಈಗ ಅದು ದೊಡ್ಡ ನಾಯಿ. ಬೀದಿಯ ಮಕ್ಕಳೆಲ್ಲ ಅದರ ಕಿವಿ ಹಿಡಿದು ಆಡುತ್ತಾರೆ. ಆದರೆ ಇಂದಿಗೂ ಬೆಳಿಗ್ಗೆ ನಾನು ಪತ್ರಿಕೆಯನ್ನು ಬಿಡಿಸಿದ ಸದ್ದಾದರೆ ಮಲಗಿದ್ದಲ್ಲಿಂದ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತದೆ. ಅದಕ್ಕಾಗಿ ನಾನು ಪತ್ರಿಕೆಯನ್ನು ಗೇಟಿನಾಚೆಯ ಕಲ್ಲುಬೆಂಚಿನ ಮೇಲೆ ಕುಳಿತು ಓದಿ, ಮಡಿಸಿ, ಆಮೇಲೆ ಒಳಕ್ಕೆ ಬರುತ್ತೇನೆ.