ಹೆಬ್ಬೆರಳಿಗೆ ಎಟುಕದ ಫೋನು

ಬೆಳಗಿನ ರಶ್ ಬಸ್ಸು. ಒಂದು ಕೈ ಮೇಲಿನ ಕಂಬಿಗೆ ಮೀಸಲು. ಇನ್ನೊಂದರಲ್ಲಿ 6.7 ಇಂಚಿನ ಫೋನು. ಇಂಟರ್‌ವ್ಯೂಗೆ ಎಷ್ಟು ಗಂಟೆಗೆ ಕರೆದಿದ್ದಾರೆ ಎಂದು ಹಳೆಯ ಮೇಲ್ ಹುಡುಕಬೇಕು. ಮೂರು ಗೆರೆಗಳ ಆ ಮೆನು ಕೂತಿರುವುದು ಪರದೆಯ ಎಡ ಮೇಲ್ಮೂಲೆಯಲ್ಲಿ. ಬಲಗೈ ಹೆಬ್ಬೆರಳು ಅಲ್ಲಿಗೆ ತಲುಪಬೇಕೆಂದರೆ ಫೋನನ್ನು ಅಂಗೈಯಲ್ಲೇ ಕೆಳಕ್ಕೆ ಜಾರಿಸಿ, ಕಿರುಬೆರಳಿನ ಆಸರೆ ಕೊಡಬೇಕು. ಡ್ರೈವರಣ್ಣ ಬ್ರೇಕ್ ಹಾಕುವುದೂ ಸರಿಯಾಗಿ ಆಗಲೇ! ಹೊಸ ಡಿಸ್‌ಪ್ಲೇ ಹಾಕಿಸುವ ಖರ್ಚು ಕೇಳಿದರೆ ಹಾಸ್ಟೆಲ್ ಮೆಸ್ ಬಿಲ್ಲೇ ವಾಸಿ ಅನ್ನಿಸುತ್ತದೆ.

ಈಗಿನ ಫೋನು ತುಂಬ ಅಗಲ ಎಂದು ಎಲ್ಲರೂ ಬೈಯುತ್ತೇವೆ. ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ ಹಿಡಿದು ಲೆಕ್ಕ ಹಾಕಿದರೆ ಕಥೆಯೇ ಬೇರೆ. ಇಂಚಿನ ಲೆಕ್ಕದಲ್ಲಿ ಹೇಳುವುದು ಪರದೆಯ ಕರ್ಣವನ್ನು. ಹಿಂದಿನ 5.5 ಇಂಚಿನ, 16:9 ಅನುಪಾತದ ಪರದೆಯ ಅಗಲ 68.5 ಮಿ.ಮೀ., ಎತ್ತರ 122 ಮಿ.ಮೀ. ಈಗಿನ 6.7 ಇಂಚಿನ, 20:9 ಪರದೆಯ ಅಗಲ ಸುಮಾರು 70, ಎತ್ತರ 155. ಅಂದರೆ ಅಗಲ ಒಂದೂವರೆ ಮಿಲಿಮೀಟರ್‌ನಷ್ಟೂ ಬೆಳೆದಿಲ್ಲ, ಎತ್ತರ ಮಾತ್ರ ಮೂರು ಸೆಂಟಿಮೀಟರ್ ದಾಟಿ ಬೆಳೆದಿದೆ. ಮುಷ್ಟಿಗೆ ಫೋನು ಹಿಡಿಸುತ್ತದೆ, ತುದಿ ಎಟುಕುವುದಿಲ್ಲ.

ಕಂಪನಿಗಳಿಗೆ ಇದು ಗೊತ್ತಿಲ್ಲದ್ದೇನಲ್ಲ. 2012ರಲ್ಲಿ 4 ಇಂಚಿನ ಐಫೋನ್ 5 ಬಂದಾಗ, ಹೆಬ್ಬೆರಳು ಪರದೆಯನ್ನೆಲ್ಲ ಮುಟ್ಟುತ್ತದೆ ಎಂಬುದನ್ನೇ ಆಪಲ್ ಜಾಹೀರಾತು ಮಾಡಿತ್ತು. ಎರಡೇ ವರ್ಷಕ್ಕೆ 5.5 ಇಂಚಿನ 6 ಪ್ಲಸ್ ಬಂತು. ಜತೆಗೆ, ಪರದೆಯನ್ನೇ ಕೆಳಕ್ಕಿಳಿಸುವ 'ರೀಚಬಿಲಿಟಿ'ಯೂ ಬಂತು. ಮರ ಎತ್ತರ ಬೆಳೆಸಿ ಜತೆಗೊಂದು ದೋಟಿ ಕೊಟ್ಟ ಹಾಗೆ! ಚಿಕ್ಕ ಫೋನೇ ಕೊಳ್ಳೋಣವೆಂದರೆ, 5.4 ಇಂಚಿನ ಐಫೋನ್ ಮಿನಿ 2020 ಮತ್ತು 2021ರಲ್ಲಿ ಬಂದು ನಿಂತೇ ಹೋಯಿತು.

ಆ ದೋಟಿ ನಮ್ಮ ಫೋನಿನಲ್ಲೂ ಇರಬಹುದು. ಆಂಡ್ರಾಯ್ಡ್ 12ರಿಂದೀಚೆಗಿನ ಹಲವು ಫೋನುಗಳಲ್ಲಿ 'ಒನ್ ಹ್ಯಾಂಡೆಡ್ ಮೋಡ್' ಇದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆನ್ ಮಾಡಿ. ಐಫೋನಿನವರು ಆಕ್ಸೆಸಿಬಿಲಿಟಿಯ 'ಟಚ್' ವಿಭಾಗ ನೋಡಿ. ಜಿಬೋರ್ಡ್‌ನಲ್ಲಿ ಅಲ್ಪವಿರಾಮದ ಕೀಲಿ ಒತ್ತಿ ಹಿಡಿದರೆ ಕೀಬೋರ್ಡನ್ನು ಒಂದು ಬದಿಗೆ ಸರಿಸಬಹುದು. ಇಂಗ್ಲಿಷಿಗೆ ಇದು ಚೆನ್ನ. ಕನ್ನಡ ಅಕ್ಷರಗಳ ಕೀಬೋರ್ಡಿನಲ್ಲಿ ಕೀಲಿಗಳು ಮೊದಲೇ ಒತ್ತೊತ್ತಾಗಿರುತ್ತವೆ, ಇನ್ನಷ್ಟು ಕುಗ್ಗಿದರೆ 'ಕ' ಒತ್ತಲು ಹೋಗಿ ಪಕ್ಕದ್ದು ಬೀಳುತ್ತದೆ. ಅವಸರವಿದ್ದರೆ ಧ್ವನಿ ಟೈಪಿಂಗೇ ಮೇಲು.

ಆದರೆ ದೋಟಿಗಿಂತ, ಹಣ್ಣೇ ಕೈಗೆ ಸಿಗುವಲ್ಲಿ ಇರುವುದು ಒಳ್ಳೆಯದಲ್ಲವೇ? 2018ರಲ್ಲಿ ಸ್ಯಾಮ್‌ಸಂಗ್ ಪ್ರಕಟಿಸಿದ 'ಒನ್ ಯುಐ'ನಲ್ಲಿ ಶೀರ್ಷಿಕೆ ಮೇಲೆ, ಒತ್ತುವಂಥದ್ದು ಕೆಳಗೆ. 2021ರಲ್ಲಿ ಐಫೋನಿನ ಸಫಾರಿಯ ವಿಳಾಸ ಪಟ್ಟಿಯೂ ಕೆಳಕ್ಕಿಳಿಯಿತು. ತುಂಬ ಜನ ಗೊಣಗಿದರು, ನನಗಂತೂ ಅದು ಸರಿಯೆನಿಸುತ್ತದೆ. ಕಂಕುಳಲ್ಲಿ ಮಗು ಇರುವವರಿಗೆ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡವರಿಗೆ, ಒಂದೇ ಕೈ ಇರುವವರಿಗೆ 'ಎರಡೂ ಕೈಯಲ್ಲಿ ಹಿಡಿಯಿರಿ' ಎನ್ನುವುದು ಉತ್ತರವಾಗದು.

ನಮ್ಮ ತಂಡದ ಮಿನಿ ಪ್ರಾಜೆಕ್ಟ್ ಕೂಡ ಒಂದು ಆ್ಯಪ್. 'ಸಲ್ಲಿಸಿ' ಬಟನ್ ಕೆಳಗಿರಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದೆವು. ಬಲಮೂಲೆಗೆ ಇಡೋಣ ಎಂದಾಗ ಗೆಳತಿಯೊಬ್ಬಳು ಸುಮ್ಮನೆ ಎಡಗೈಯಲ್ಲಿ ಫೋನೆತ್ತಿ ತೋರಿಸಿದಳು. ಅವಳು ಎಡಚಿ. ಈಗ ಬಟನ್ ಈ ಅಂಚಿನಿಂದ ಆ ಅಂಚಿನವರೆಗೂ ಇದೆ.