ವಿಕೇಂದ್ರಿತ ಏಕಪ್ರವೇಶ ವ್ಯವಸ್ಥೆ

ವಿಕೇಂದ್ರಿತ ಏಕಪ್ರವೇಶ ವ್ಯವಸ್ಥೆ ಎಂದರೆ ಅಂತರಜಾಲದ ಬಳಕೆದಾರರು ತಾವೇ ಆರಿಸಿಕೊಂಡ ಒಂದು ಸಂಸ್ಥೆಯಲ್ಲಿ ಗುರುತನ್ನು ದೃಢಪಡಿಸಿಕೊಂಡು, ಆ ದೃಢೀಕರಣದ ಬಲದಿಂದ ಬೇರೆ ಬೇರೆ ಜಾಲತಾಣಗಳನ್ನು ಪ್ರವೇಶಿಸುವ ಕ್ರಮ. ಇದರಲ್ಲಿ ಪ್ರತಿಯೊಂದು ತಾಣಕ್ಕೂ ಪ್ರತ್ಯೇಕ ಪಾಸ್‌ವರ್ಡ್ ಬೇಕಾಗುವುದಿಲ್ಲ. ಗುರುತನ್ನು ದೃಢಪಡಿಸುವ ಸಂಸ್ಥೆಯನ್ನು ಈ ಲೇಖನದಲ್ಲಿ ಗುರುತುದಾತ ಎಂದೂ, ಆ ದೃಢೀಕರಣವನ್ನು ನಂಬಿ ಪ್ರವೇಶ ನೀಡುವ ತಾಣವನ್ನು ಅವಲಂಬಿತ ತಾಣ ಎಂದೂ ಕರೆಯಲಾಗಿದೆ. ಓಪನ್‌ಐಡಿ ಮತ್ತು ಓಪನ್‌ಐಡಿ ಕನೆಕ್ಟ್ ಈ ಕ್ರಮದ ಪ್ರಸಿದ್ಧ ಮಾನಕಗಳು.

ಸ್ವಯಂಸೇವಕರು ನಡೆಸುವ ಸಣ್ಣ ಸಮುದಾಯ ತಾಣಗಳಿಗೆ ಈ ವ್ಯವಸ್ಥೆ ವಿಶೇಷವಾಗಿ ಉಪಯುಕ್ತ. ಸದಸ್ಯರ ಪಾಸ್‌ವರ್ಡ್‌ಗಳನ್ನು ಕಾಪಾಡುವ ಹೊಣೆ ತಾಣದ ಮೇಲಿರುವುದಿಲ್ಲ. ಆದರೆ ಗುರುತುದಾತ ಸಂಸ್ಥೆ ಮುಚ್ಚಿಹೋದರೆ ಸದಸ್ಯರು ತಮ್ಮ ಖಾತೆಯನ್ನೂ ಅದರೊಡನೆ ತಮ್ಮ ಬರಹಗಳ ಮೇಲಿನ ಹಿಡಿತವನ್ನೂ ಕಳೆದುಕೊಳ್ಳುವ ಅಪಾಯವಿದೆ. ಆದುದರಿಂದ ಇದನ್ನು ಅಳವಡಿಸುವಾಗ ಪ್ರವೇಶದ ಸೌಕರ್ಯದಷ್ಟೇ ಗುರುತಿನ ಬಾಳಿಕೆಯನ್ನೂ ಗಮನಿಸಬೇಕಾಗುತ್ತದೆ.

ಮೂಲ ಕಲ್ಪನೆ

ಪುತ್ತೂರಿನ ಪ್ರೌಢಶಾಲೆಯೊಂದರಲ್ಲಿ ಓದಿದ ವಿದ್ಯಾರ್ಥಿಯು ಸುಳ್ಯದ ಕಾಲೇಜೊಂದಕ್ಕೆ ಸೇರುವಾಗ ವರ್ಗಾವಣೆ ಪ್ರಮಾಣಪತ್ರವನ್ನು ಹಾಜರುಪಡಿಸುತ್ತಾನೆ. ಆತನ ಹೆಸರು, ಜನ್ಮದಿನಾಂಕ ಮೊದಲಾದವನ್ನು ಕಾಲೇಜು ಹೊಸದಾಗಿ ವಿಚಾರಣೆ ನಡೆಸಿ ತಿಳಿಯುವುದಿಲ್ಲ; ಮುಖ್ಯೋಪಾಧ್ಯಾಯರ ಸಹಿ ಮತ್ತು ಶಾಲೆಯ ಮೊಹರನ್ನು ನೋಡಿ ಒಪ್ಪಿಕೊಳ್ಳುತ್ತದೆ. ಏಕಪ್ರವೇಶ ವ್ಯವಸ್ಥೆಯ ತತ್ತ್ವವೂ ಇದೇ. ಗುರುತುದಾತವು ಶಾಲೆಯ ಸ್ಥಾನದಲ್ಲಿದ್ದು, ಅವಲಂಬಿತ ತಾಣವು ಕಾಲೇಜಿನ ಸ್ಥಾನದಲ್ಲಿರುತ್ತದೆ. ಕಾಗದದ ಪ್ರಮಾಣಪತ್ರದ ಬದಲಿಗೆ ಇಲ್ಲಿ ಗುರುತಿನ ಟೋಕನ್ ಎಂಬ ಡಿಜಿಟಲ್ ದಾಖಲೆ ಇರುತ್ತದೆ. ಮೊಹರಿನ ಬದಲಿಗೆ ಡಿಜಿಟಲ್ ಸಹಿ ಇರುತ್ತದೆ.

ಎಲ್ಲ ತಾಣಗಳೂ ಒಂದೇ ಸಂಸ್ಥೆಯ ಖಾತೆಯನ್ನು ಅವಲಂಬಿಸಿದರೆ ಅದು ಕೇಂದ್ರೀಕೃತ ಏಕಪ್ರವೇಶ. ಗುರುತುದಾತ ಸಂಸ್ಥೆಗಳು ಹಲವಿದ್ದು, ಯಾವುದನ್ನು ನೆಚ್ಚಬೇಕೆಂಬ ಆಯ್ಕೆ ಬಳಕೆದಾರರಿಗಿದ್ದರೆ ಅದು ವಿಕೇಂದ್ರಿತ ಏಕಪ್ರವೇಶ.

ಇತಿಹಾಸ

ಲೈವ್‌ಜರ್ನಲ್ ತಾಣದ ಸ್ಥಾಪಕ ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ 2005ರ ಮೇ ತಿಂಗಳಿನಲ್ಲಿ ಓಪನ್‌ಐಡಿಯ ಮೊದಲ ರೂಪವನ್ನು ಸಿದ್ಧಪಡಿಸಿದರು. ಇದರಲ್ಲಿ ಬಳಕೆದಾರರ ಗುರುತು ಒಂದು ಜಾಲವಿಳಾಸವಾಗಿತ್ತು. ಸ್ವಂತ ಜಾಲವಿಳಾಸ ಉಳ್ಳವರು ತಮ್ಮ ಪುಟದಲ್ಲಿ ಗುರುತುದಾತ ಸಂಸ್ಥೆಯನ್ನು ಸೂಚಿಸುವ ಒಂದೆರಡು ಸಾಲುಗಳನ್ನು ಸೇರಿಸಿದರೆ ಸಾಕಾಗುತ್ತಿತ್ತು. ಮುಂದೆ ಆ ಸಂಸ್ಥೆಯನ್ನು ಬದಲಾಯಿಸಿದರೂ ಅವರ ಗುರುತು ಬದಲಾಗುತ್ತಿರಲಿಲ್ಲ. 2007ರಲ್ಲಿ ಓಪನ್‌ಐಡಿ ಫೌಂಡೇಶನ್ ಸ್ಥಾಪನೆಯಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಓಪನ್‌ಐಡಿ 2.0 ಪ್ರಕಟವಾಯಿತು. 2008ರಲ್ಲಿ ಆರಂಭವಾದ ಸ್ಟಾಕ್ ಓವರ್‌ಫ್ಲೋ ತಾಣವು ಸದಸ್ಯರ ಪ್ರವೇಶಕ್ಕೆ ಓಪನ್‌ಐಡಿಯನ್ನೇ ಬಳಸಿತು. ಸಮುದಾಯ ತಾಣಗಳ ನಿರ್ಮಾಣಕ್ಕೆ ವ್ಯಾಪಕವಾಗಿ ಬಳಕೆಯಾಗುವ ಮುಕ್ತ ತಂತ್ರಾಂಶ ದ್ರುಪಲ್‌ನ 6ನೆಯ ಆವೃತ್ತಿಯಲ್ಲಿ ಓಪನ್‌ಐಡಿ ಸೌಲಭ್ಯ ಅಂತರ್ಗತವಾಗಿತ್ತು.

ಜಾಲವಿಳಾಸವನ್ನು ತಮ್ಮ ಹೆಸರಿನಂತೆ ಬಳಸುವುದು ಸಾಮಾನ್ಯ ಬಳಕೆದಾರರಿಗೆ ಸುಲಭವಾಗಲಿಲ್ಲ. 2012ರಲ್ಲಿ ಓಆತ್ 2.0 ಎಂಬ ಅನುಮತಿ ಮಾನಕ ಪ್ರಕಟವಾಯಿತು. ಅದರ ಮೇಲೆ ಕಟ್ಟಿದ ಓಪನ್‌ಐಡಿ ಕನೆಕ್ಟ್ 2014ರ ಫೆಬ್ರವರಿಯಲ್ಲಿ ಹೊರಬಂದಿತು. ಅದೇ ತಿಂಗಳ 1ರಂದು ಮೈಓಪನ್‌ಐಡಿ ಎಂಬ ಹೆಸರಾಂತ ಗುರುತುದಾತ ಸೇವೆ ಸ್ಥಗಿತಗೊಂಡಿತು. 2015ರ ಏಪ್ರಿಲ್‌ನಲ್ಲಿ ಗೂಗಲ್ ಸಂಸ್ಥೆ ಓಪನ್‌ಐಡಿ 2.0ಕ್ಕೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ದ್ರುಪಲ್‌ನ 8ನೆಯ ಆವೃತ್ತಿಯಿಂದಲೂ ಹಳೆಯ ಸೌಲಭ್ಯವನ್ನು ಕೈಬಿಡಲಾಯಿತು. ಸ್ವಂತ ಜಾಲವಿಳಾಸವನ್ನೇ ಗುರುತಾಗಿ ಬಳಸುವ ಮೂಲ ಆಶಯವನ್ನು ಇಂಡಿಆತ್ ಎಂಬ ಮಾನಕ ಮುಂದುವರಿಸಿದೆ.

ಕಾರ್ಯವಿಧಾನ

ಓಪನ್‌ಐಡಿ ಕನೆಕ್ಟ್‌ನಲ್ಲಿ ಪ್ರವೇಶ ಪ್ರಕ್ರಿಯೆ ಸಾಮಾನ್ಯವಾಗಿ ಈ ಹಂತಗಳಲ್ಲಿ ನಡೆಯುತ್ತದೆ:

1. ಬಳಕೆದಾರರು ಅವಲಂಬಿತ ತಾಣದಲ್ಲಿ ತಮ್ಮ ಗುರುತುದಾತ ಸಂಸ್ಥೆಯನ್ನು ಆರಿಸುತ್ತಾರೆ.
2. ತಾಣವು ಅವರ ಬ್ರೌಸರನ್ನು ಆ ಸಂಸ್ಥೆಯ ಪುಟಕ್ಕೆ ಕಳುಹಿಸುತ್ತದೆ. ಈ ಕೋರಿಕೆಯಲ್ಲಿ ತಾಣದ ನೋಂದಣಿ ಸಂಕೇತ, ಮರಳಿ ಬರಬೇಕಾದ ವಿಳಾಸ ಮತ್ತು ಊಹಿಸಲಾಗದ ಯಾದೃಚ್ಛಿಕ ಸಂಕೇತಗಳು ಇರುತ್ತವೆ.
3. ಬಳಕೆದಾರರು ಗುರುತುದಾತ ಸಂಸ್ಥೆಯ ಪುಟದಲ್ಲಿಯೇ ಪಾಸ್‌ವರ್ಡ್ ನೀಡುತ್ತಾರೆ. ಅವಲಂಬಿತ ತಾಣಕ್ಕೆ ಅದು ಕಾಣಿಸುವುದಿಲ್ಲ.
4. ಯಾವ ಮಾಹಿತಿಯನ್ನು ತಾಣಕ್ಕೆ ನೀಡಬಹುದೆಂದು ಸಂಸ್ಥೆಯು ಕೇಳಿ ಒಪ್ಪಿಗೆ ಪಡೆಯುತ್ತದೆ.
5. ಬ್ರೌಸರ್ ಒಂದು ತಾತ್ಕಾಲಿಕ ಸಂಕೇತದೊಡನೆ ತಾಣಕ್ಕೆ ಮರಳುತ್ತದೆ.
6. ತಾಣದ ಸರ್ವರ್ ಆ ಸಂಕೇತವನ್ನು ಗುರುತುದಾತ ಸರ್ವರ್‌ಗೆ ನೇರವಾಗಿ ಒಪ್ಪಿಸಿ ಗುರುತಿನ ಟೋಕನ್ ಪಡೆಯುತ್ತದೆ.
7. ಟೋಕನ್ ಸಾಚಾ ಎಂದು ಖಚಿತವಾದ ಬಳಿಕ ಪ್ರವೇಶ ದೊರೆಯುತ್ತದೆ.

ಕೊನೆಯ ಹಂತದ ಪರೀಕ್ಷೆ ಬಹಳ ಮುಖ್ಯ. ಸಹಿ ಸರಿಯಾಗಿದೆಯೇ, ಟೋಕನ್ ನೀಡಿದವರು ನಿರೀಕ್ಷಿತ ಸಂಸ್ಥೆಯೇ, ಅದನ್ನು ಈ ತಾಣಕ್ಕೆಂದೇ ನೀಡಲಾಗಿದೆಯೇ, ಅವಧಿ ಮುಗಿದಿಲ್ಲವೇ, ತಾಣವು ಕಳುಹಿಸಿದ ಯಾದೃಚ್ಛಿಕ ಸಂಕೇತವೇ ಮರಳಿ ಬಂದಿದೆಯೇ ಎಂಬ ಐದು ಅಂಶಗಳನ್ನೂ ನೋಡಬೇಕು. ಬೇರೆ ಕಾಲೇಜಿನ ಹೆಸರಿಗೆ ಬರೆದ ಪತ್ರವನ್ನು ಒಪ್ಪಿಕೊಂಡಂತೆ, ಬೇರೆ ತಾಣಕ್ಕೆ ನೀಡಿದ ಟೋಕನನ್ನು ಸ್ವೀಕರಿಸಿದರೆ ಮೋಸಕ್ಕೆ ಅವಕಾಶವಾಗುತ್ತದೆ.

ಸಮುದಾಯ ತಾಣಕ್ಕೆ ಅಳವಡಿಕೆ

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳು ಅಡಿಕೆ ಕೃಷಿಗೆ ಹೆಸರಾದವು. ಪುತ್ತೂರಿನಿಂದ 1988ರಲ್ಲಿ ಆರಂಭವಾದ ಅಡಿಕೆ ಪತ್ರಿಕೆಯು ಕೃಷಿಕರೇ ತಮ್ಮ ಅನುಭವವನ್ನು ಬರೆಯುವ ಪರಂಪರೆಯನ್ನು ಬೆಳೆಸಿದೆ. ಇಂತಹ ಬೆಳೆಗಾರರು ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ, ಕೊಳೆರೋಗಗಳ ಕುರಿತ ತಮ್ಮ ತೋಟದ ದಾಖಲೆಗಳನ್ನು ವರ್ಷವರ್ಷವೂ ಸೇರಿಸುವ ಒಂದು ತಾಣವನ್ನು ಉದಾಹರಣೆಗೆ ಊಹಿಸಿಕೊಳ್ಳಬಹುದು. ಹತ್ತು ವರ್ಷಗಳ ದಾಖಲೆಗೆ ಬೆಲೆ ಬರುವುದು ಅವೆಲ್ಲವೂ ಒಬ್ಬರೇ ಕೃಷಿಕರದು ಎಂಬುದು ಖಚಿತವಾಗಿದ್ದರೆ ಮಾತ್ರ. ಆದುದರಿಂದ ಸದಸ್ಯರ ಗುರುತನ್ನು ದಾಖಲಿಸುವ ರೀತಿ ಇಲ್ಲಿ ನಿರ್ಣಾಯಕವಾಗುತ್ತದೆ.

ಗುರುತಿನ ಕೀಲಿ: ಸದಸ್ಯರನ್ನು ಇಮೇಲ್ ವಿಳಾಸದಿಂದ ಗುರುತಿಸುವುದು ಸರಿಯಲ್ಲ. ಸುಬ್ರಹ್ಮಣ್ಯ ಗ್ರಾಮವು ಮೊದಲು ಸುಳ್ಯ ತಾಲೂಕಿಗೆ ಸೇರಿತ್ತು. ಕಡಬ ಪ್ರತ್ಯೇಕ ತಾಲೂಕಾದ ಬಳಿಕ ಅದು ಕಡಬಕ್ಕೆ ಸೇರಿತು. ಅಲ್ಲಿನ ನಿವಾಸಿಗಳ ವಿಳಾಸ ಬದಲಾಯಿತೇ ಹೊರತು ವ್ಯಕ್ತಿಗಳು ಬದಲಾಗಲಿಲ್ಲ. ಇಮೇಲ್ ಕೂಡ ಹೀಗೆಯೇ ಬದಲಾಗಬಹುದು. ಬಿಟ್ಟ ವಿಳಾಸವು ಮುಂದೆ ಬೇರೊಬ್ಬರ ಪಾಲಾಗಲೂಬಹುದು. ಓಪನ್‌ಐಡಿ ಕನೆಕ್ಟ್ ಪ್ರಕಾರ ಗುರುತುದಾತ ಸಂಸ್ಥೆಯ ವಿಳಾಸ ಮತ್ತು ಆ ಸಂಸ್ಥೆಯು ವ್ಯಕ್ತಿಗೆ ನೀಡಿದ ಬದಲಾಗದ ಗುರುತುಸಂಕೇತ ಇವೆರಡನ್ನೂ ಕೂಡಿಸಿ ಕೀಲಿಯಾಗಿ ಇರಿಸಿಕೊಳ್ಳಬೇಕು.

ಹಳೆಯ ಖಾತೆಗಳ ಜೋಡಣೆ: ಈಗಾಗಲೇ ಪಾಸ್‌ವರ್ಡ್ ಪದ್ಧತಿ ಇರುವ ತಾಣದಲ್ಲಿ ಇಮೇಲ್ ಹೊಂದಿಕೆಯಾಯಿತೆಂದು ಹೊಸ ಗುರುತನ್ನು ಹಳೆಯ ಖಾತೆಗೆ ತಾನಾಗಿ ಜೋಡಿಸಬಾರದು. ಇಮೇಲನ್ನು ಪರಿಶೀಲಿಸದ ಗುರುತುದಾತ ಸಂಸ್ಥೆಯಲ್ಲಿ ಯಾರಾದರೂ ಮತ್ತೊಬ್ಬರ ವಿಳಾಸವನ್ನು ನಮೂದಿಸಿ ಅವರ ಖಾತೆಯನ್ನು ವಶಪಡಿಸಿಕೊಳ್ಳಬಹುದು. ಸದಸ್ಯರು ಮೊದಲು ಹಳೆಯ ಪಾಸ್‌ವರ್ಡ್‌ನಿಂದ ಪ್ರವೇಶಿಸಿ, ಅನಂತರ ಹೊಸ ಗುರುತನ್ನು ತಾವೇ ಜೋಡಿಸುವುದು ಸುರಕ್ಷಿತ ಕ್ರಮ.

ಎರಡನೆಯ ದಾರಿ: ಒಂದು ಖಾತೆಗೆ ಕನಿಷ್ಠ ಎರಡು ಗುರುತುಗಳನ್ನು ಜೋಡಿಸಲು ಅವಕಾಶವಿರಬೇಕು. ಒಂದು ಗುರುತುದಾತ ಸೇವೆ ನಿಂತರೆ ಇನ್ನೊಂದರ ಮೂಲಕ ಪ್ರವೇಶ ಸಾಧ್ಯ. ಮೈಓಪನ್‌ಐಡಿ ಸ್ಥಗಿತಗೊಂಡಾಗ ಅದೊಂದನ್ನೇ ನೆಚ್ಚಿದ್ದವರಿಗೆ ಇಂತಹ ಪರ್ಯಾಯದ ಅಗತ್ಯ ಉಂಟಾಯಿತು. ಸದಸ್ಯರು ತಮ್ಮ ಬರಹಗಳ ಪ್ರತಿಯನ್ನು ಇಳಿಸಿಕೊಳ್ಳುವ ಸೌಲಭ್ಯವೂ ಇದ್ದರೆ ಒಳ್ಳೆಯದು.

ಹಂಚಿಕೊಂಡ ಸಾಧನಗಳು: ಗ್ರಂಥಾಲಯ, ಶಾಲೆ ಅಥವಾ ಸೇವಾಕೇಂದ್ರದ ಕಂಪ್ಯೂಟರ್ ಬಳಸುವವರು ಅವಲಂಬಿತ ತಾಣದಿಂದ ಲಾಗೌಟ್ ಆದರೂ ಗುರುತುದಾತ ಸಂಸ್ಥೆಯ ಖಾತೆ ತೆರೆದೇ ಉಳಿದಿರಬಹುದು. ಅನಂತರ ಬರುವವರು ಒಂದೇ ಒತ್ತುವಿಕೆಯಲ್ಲಿ ಅವರ ಹೆಸರಿನಲ್ಲಿ ಮತ್ತೆ ಪ್ರವೇಶಿಸಬಹುದು. ಎರಡೂ ಕಡೆ ಲಾಗೌಟ್ ಆಗಬೇಕೆಂಬ ಸೂಚನೆಯನ್ನು ತಾಣವು ಕನ್ನಡದಲ್ಲಿ ಸ್ಪಷ್ಟವಾಗಿ ತೋರಿಸಬೇಕು.

ಭಾರತದಲ್ಲಿನ ಬಳಕೆ

ವಿಕಿಮೀಡಿಯ ಯೋಜನೆಗಳ ಏಕೀಕೃತ ಲಾಗಿನ್ 2008ರಲ್ಲಿ ಎಲ್ಲ ಬಳಕೆದಾರರಿಗೂ ಲಭ್ಯವಾಯಿತು. ಉಳಿದ ಎಲ್ಲ ಖಾತೆಗಳ ವಿಲೀನ 2015ರಲ್ಲಿ ನಡೆಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಖಾತೆ ಇರುವವರು 2016ರ ಆಗಸ್ಟ್‌ನಲ್ಲಿ ಲೋಕಾರ್ಪಣೆಗೊಂಡ ತುಳು ವಿಕಿಪೀಡಿಯದಲ್ಲಿಯೂ ಕೊಂಕಣಿ ವಿಕಿಪೀಡಿಯದಲ್ಲಿಯೂ ಅದೇ ಹೆಸರಿನಿಂದ ಬರೆಯಬಹುದು. ಕನ್ನಡ, ತುಳು, ಕೊಂಕಣಿಗಳು ಒಟ್ಟಿಗೆ ಬಳಕೆಯಲ್ಲಿರುವ ಕರಾವಳಿ ಪ್ರದೇಶದ ಲೇಖಕರಿಗೆ ಇದು ಅನುಕೂಲಕರ. ಆದರೆ ಗುರುತುದಾತ ಸಂಸ್ಥೆ ಒಂದೇ ಆಗಿರುವುದರಿಂದ ಇದು ಕೇಂದ್ರೀಕೃತ ಏಕಪ್ರವೇಶಕ್ಕೆ ಉದಾಹರಣೆ.

ಉನ್ನತ ಶಿಕ್ಷಣ ಕ್ಷೇತ್ರದಲ್ಲಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ಇನ್‌ಫೆಡ್ ಎಂಬ ಒಕ್ಕೂಟವನ್ನು ನಡೆಸುತ್ತಿದೆ. ಶಿಬ್ಬೊಲೆತ್ ಎಂಬ ಮುಕ್ತ ತಂತ್ರಾಂಶವನ್ನು ಆಧರಿಸಿದ ಈ ಒಕ್ಕೂಟದಲ್ಲಿ ವಿದ್ಯಾರ್ಥಿಯ ಗುರುತನ್ನು ಆತನ ವಿದ್ಯಾಸಂಸ್ಥೆಯ ಹೆಸರಿನಲ್ಲಿ ದೃಢಪಡಿಸಲಾಗುತ್ತದೆ; ಆ ನಂಬಿಕೆಯ ಮೇಲೆ ಪ್ರಕಾಶಕರು ವಿದ್ವತ್ ಪತ್ರಿಕೆಗಳನ್ನು ಓದಲು ಅವಕಾಶ ನೀಡುತ್ತಾರೆ. ಸರಕಾರಿ ಸೇವೆಗಳಿಗಾಗಿ 2022ರ ಜುಲೈನಲ್ಲಿ ಆರಂಭವಾದ ಮೇರಿ ಪೆಹಚಾನ್ ವ್ಯವಸ್ಥೆಯಲ್ಲಿ ಡಿಜಿಲಾಕರ್, ಇ-ಪ್ರಮಾಣ್ ಮತ್ತು ಜನ್ ಪರಿಚಯ್ ಎಂಬ ಗುರುತುದಾತ ಸೇವೆಗಳಿವೆ. ಇವೆರಡರಲ್ಲಿಯೂ ಗುರುತುದಾತ ಸಂಸ್ಥೆಗಳು ಒಂದಕ್ಕಿಂತ ಹೆಚ್ಚಿದ್ದರೂ ಒಕ್ಕೂಟಕ್ಕೆ ಸೇರಿದವುಗಳಿಗೆ ಮಾತ್ರ ಮಾನ್ಯತೆ ಇರುತ್ತದೆ.

ಮಿತಿಗಳು

ಗುರುತುದಾತ ಸಂಸ್ಥೆಗೆ ತನ್ನ ಬಳಕೆದಾರರು ಯಾವ ತಾಣವನ್ನು ಯಾವಾಗ ಪ್ರವೇಶಿಸಿದರೆಂಬುದು ತಿಳಿಯುತ್ತದೆ. ಆ ಖಾತೆಯ ಪಾಸ್‌ವರ್ಡ್ ಕಳುವಾದರೆ ಅದಕ್ಕೆ ಜೋಡಿಸಿದ ಎಲ್ಲ ತಾಣಗಳೂ ಅಪಾಯಕ್ಕೆ ಒಳಗಾಗುತ್ತವೆ. ಆದುದರಿಂದ ಎರಡು ಹಂತದ ಪರಿಶೀಲನೆ ಅಗತ್ಯ. ಆದರೆ ಎಸ್‌ಎಂಎಸ್ ಮೂಲಕ ಬರುವ ಒಟಿಪಿಯು ಮೊಬೈಲ್ ಸಂಕೇತವನ್ನು ಅವಲಂಬಿಸಿದೆ. ಪಶ್ಚಿಮ ಘಟ್ಟದ ತಪ್ಪಲಿನಂತಹ ಕಡೆಗಳಲ್ಲಿ ಸಂಕೇತವಿಲ್ಲದೆಯೂ ಕೆಲಸ ಮಾಡುವ ದೃಢೀಕರಣ ಆ್ಯಪ್ ಅಥವಾ ಮೊದಲೇ ಮುದ್ರಿಸಿಟ್ಟುಕೊಂಡ ಬದಲಿ ಸಂಕೇತಗಳು ಹೆಚ್ಚು ಉಪಯುಕ್ತ.

ಪಾಸ್‌ವರ್ಡ್ ಇರಿಸಿಕೊಳ್ಳದ ಮಾತ್ರಕ್ಕೆ ತಾಣದ ಹೊಣೆ ಮುಗಿಯುವುದಿಲ್ಲ. ಹೆಸರು, ಇಮೇಲ್ ಮೊದಲಾದವು ವೈಯಕ್ತಿಕ ದತ್ತಾಂಶಗಳೇ ಆಗಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹದಿನೆಂಟು ವರ್ಷ ತುಂಬದವರ ದತ್ತಾಂಶದ ಬಳಕೆಗೆ ಪಾಲಕರ ಒಪ್ಪಿಗೆಯನ್ನು ಕಡ್ಡಾಯಗೊಳಿಸುತ್ತದೆ. ಶಾಲಾ ವಿದ್ಯಾರ್ಥಿಗಳು ಸೇರುವ ತಾಣಗಳು ಇದನ್ನು ಗಮನಿಸಬೇಕು.

ಓಪನ್‌ಐಡಿ ಕನೆಕ್ಟ್ ಮಾನಕವು ಯಾರು ಬೇಕಾದರೂ ಗುರುತುದಾತರಾಗಲು ಅವಕಾಶ ನೀಡಿದರೂ, ರೂಢಿಯಲ್ಲಿ ಹೆಚ್ಚಿನ ತಾಣಗಳು ಕೆಲವೇ ದೊಡ್ಡ ಕಂಪೆನಿಗಳ ಗುಂಡಿಗಳನ್ನು ಮಾತ್ರ ತೋರಿಸುತ್ತವೆ. ಅಂತಹ ತಾಣಗಳಲ್ಲಿ ತಂತ್ರಜ್ಞಾನ ವಿಕೇಂದ್ರಿತವಾಗಿದ್ದರೂ ಬಳಕೆ ಕೇಂದ್ರೀಕೃತವಾಗಿಯೇ ಉಳಿಯುತ್ತದೆ.